ಮೂರು ಜಾರಿನ 750 ವಾಟ್ ಮಿಕ್ಸಿ: ಅರೆಯಲು, ಪುಡಿ ಮಾಡಲು, ರುಬ್ಬಲು ಎಷ್ಟು ನಂಬಬಹುದು?

ಡಬ್ಬದ ಮೇಲೆ ‘ಮಿಕ್ಸರ್ ಗ್ರೈಂಡರ್’ ಎಂದು ಅಚ್ಚಾಗಿರುತ್ತದೆ. ಅಂಗಡಿಗೆ ಬಂದವರು ಆ ಹೆಸರು ಹಿಡಿದು ಕೇಳುವುದು ಅಪರೂಪ. ‘ಮಿಕ್ಸಿ ತೋರಿಸಿ’ ಎಂದರೆ ಮೂರು ಸ್ಟೀಲ್ ಜಾರಿನ ಯಂತ್ರ ಕೌಂಟರಿನ ಮೇಲೆ ಬರುತ್ತದೆ. ‘ಗ್ರೈಂಡರ್ ತೋರಿಸಿ’ ಎಂದರೆ ಕಲ್ಲು ತಿರುಗುವ ಇನ್ನೊಂದು ಯಂತ್ರ ಬರುತ್ತದೆ. ಡಬ್ಬದಲ್ಲಿ ಜೊತೆಗಿದ್ದ ಎರಡು ಪದಗಳನ್ನು ನಮ್ಮ ಮಾತು ಬಿಡಿಸಿ ಎರಡು ಯಂತ್ರಗಳಿಗೆ ಹಂಚಿಬಿಟ್ಟಿದೆ. 2011ರಲ್ಲಿ ತಮಿಳುನಾಡು ಸರ್ಕಾರ ಮನೆಗಳಿಗೆ ಉಚಿತವಾಗಿ ಕೊಡಲು ಹೊರಟಾಗಲೂ ಪಟ್ಟಿಯಲ್ಲಿ ಮಿಕ್ಸಿ ಬೇರೆ, ಗ್ರೈಂಡರ್ ಬೇರೆ, ಜೊತೆಗೊಂದು ಫ್ಯಾನು. ಈ ಹಂಚಿಕೆಯ ಹಿಂದೆ ಅಡುಗೆಮನೆಯ ಅನುಭವವಿದೆ: ಕೆಲವು ಕೆಲಸ ಮಿಕ್ಸಿಗೆ ಒಗ್ಗುತ್ತದೆ, ಕೆಲವು ಒಗ್ಗುವುದಿಲ್ಲ.

ಇಲ್ಲಿ ನೋಡುತ್ತಿರುವುದು ಯಾವುದೋ ಒಂದು ಕಂಪನಿಯ ಮಾಲನ್ನಲ್ಲ. ಈಗ ಮನೆಗಳಿಗೆ ಹೆಚ್ಚಾಗಿ ಬರುತ್ತಿರುವ ಮಾದರಿಯನ್ನು: 750 ವಾಟ್ ಮೋಟರು, ಒಂದೂವರೆ ಲೀಟರಿನ ದೊಡ್ಡ ಜಾರು, ಒಂದು ಲೀಟರಿನ ಮಧ್ಯದ ಜಾರು, 400 ಮಿಲಿಲೀಟರ್ ಆಸುಪಾಸಿನ ಚಟ್ನಿ ಜಾರು. ವಾಟು, ಬಣ್ಣ, ಜಾರಿನ ಸಂಖ್ಯೆ ನೋಡಿ ಇದನ್ನು ಕೊಳ್ಳುವವರೇ ಹೆಚ್ಚು. ನಿಮ್ಮ ಮನೆಯಲ್ಲಿ ದಿನಾ ನಡೆಯುವ ಕ್ರಿಯಾಪದ ಯಾವುದು ಎಂದು ನೋಡಿ ಕೊಳ್ಳಬೇಕು ಎನ್ನುವುದು ನಮ್ಮ ವಾದ. ಅರೆಯುವುದೋ, ಕುಟ್ಟುವುದೋ, ರುಬ್ಬುವುದೋ, ಕಡೆಯುವುದೋ? ಮಿಕ್ಸಿ ಎಂಬ ಹೆಸರಿನಲ್ಲಿ ಬರೀ ಬೆರೆಸುವುದು ಇರುವುದರಿಂದ ಈ ಪ್ರಶ್ನೆಯೇ ಏಳುವುದಿಲ್ಲ.

ಹೆಸರು ಎಲ್ಲಿಂದ ಬಂತು

‘ಮಿಕ್ಸರ್’ ಪದದ ಬಾಲ ಕತ್ತರಿಸಿ ‘ಇ’ಕಾರ ಹಚ್ಚಿದರೆ ಮಿಕ್ಸಿ. ಇಂಗ್ಲಿಷಿನಲ್ಲಿ ಆಪ್ತ ವಸ್ತುಗಳಿಗೆ, ಮಕ್ಕಳಿಗೆ ಮುದ್ದಿನ ಹೆಸರಿಡುವಾಗ ಬರುವ ಅದೇ ಪ್ರತ್ಯಯ. ಆದರೆ ಈ ರೂಪ ಬೆಳೆದದ್ದು ಭಾರತದಲ್ಲಿ. ಕನ್ನಡ, ತಮಿಳು, ತೆಲುಗು, ಮಲಯಾಳಂ, ಹಿಂದಿ ಎಲ್ಲದರಲ್ಲೂ ಮಿಕ್ಸಿ ಇದೆ. ಮರಾಠಿಯಲ್ಲಿ ಮಿಕ್ಸರ್ ಎನ್ನುವುದೇ ಹೆಚ್ಚು, ನಮ್ಮ ಬೆಳಗಾವಿ, ಧಾರವಾಡದ ಕಡೆಯೂ ಮಿಕ್ಸರ್ ಎನ್ನುವವರು ಸಿಗುತ್ತಾರೆ. ಕನ್ನಡಕ್ಕೆ ಈ ಪದ ಸಲೀಸಾಗಿ ಹೊಂದಲು ಕಾರಣ ಸರಳ. ಇಕಾರಾಂತವಾದ್ದರಿಂದ ಮಿಕ್ಸಿಗೆ, ಮಿಕ್ಸಿಯಲ್ಲಿ, ಮಿಕ್ಸಿಯಿಂದ ಎಂದು ವಿಭಕ್ತಿ ತಾನಾಗಿ ಅಂಟಿಕೊಳ್ಳುತ್ತದೆ. ‘ಮಿಕ್ಸಿಗೆ ಹಾಕು’, ‘ಒಂದು ಸುತ್ತು ತಿರುಗಿಸು’ ಎನ್ನುವುದು ಈಗ ಅಡುಗೆಯ ಮಾತಿನ ಭಾಗ.

ಯಂತ್ರವೂ ಹೆಸರಿನಂತೆಯೇ ಇಲ್ಲಿ ಬದಲಾದದ್ದು. ಸೀಮೆನ್ಸ್ ಕಂಪನಿಯಲ್ಲಿದ್ದ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಒಂದು ಜರ್ಮನ್ ಬ್ರೌನ್ ಮಿಕ್ಸರ್ ಇತ್ತು. ಅವರ ಪತ್ನಿ ಮಾಧುರಿ ಬಳಸುತ್ತಿದ್ದ ಆ ಯಂತ್ರ ಕೆಟ್ಟಾಗ ಇಲ್ಲಿ ರಿಪೇರಿಗೆ ದಾರಿಯಿರಲಿಲ್ಲ. ಭಾರತದ ಅಡುಗೆಯ ಭಾರ ತಡೆಯುವಂಥದ್ದನ್ನು ತಾವೇ ಮಾಡಲು ಹೊರಟ ಮಾಥುರ್, ಗೆಳೆಯರ ಜೊತೆ ಸೇರಿ 1963ರಲ್ಲಿ ಪವರ್ ಕಂಟ್ರೋಲ್ ಅಂಡ್ ಅಪ್ಲಯನ್ಸಸ್ ಎಂಬ ಕಂಪನಿ ಕಟ್ಟಿದರು. ಅವರ ಯಂತ್ರವೇ ಸುಮೀತ್. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಮಿಕ್ಸಿ ಎಂದರೆ ಸುಮೀತ್ ಎನ್ನುವಷ್ಟು ಅದು ಹರಡಿತು. 1978ರಲ್ಲಿ ಚೆನ್ನೈನಲ್ಲಿ ಪ್ರೀತಿ ಶುರುವಾಯಿತು, ಆಮೇಲೆ ದಕ್ಷಿಣದಲ್ಲೇ ಹಲವು ಹುಟ್ಟಿಕೊಂಡವು. ಹಾಲು, ಹಣ್ಣು, ಮೊಟ್ಟೆ ಕಲಸಲು ಹುಟ್ಟಿದ ಪಾಶ್ಚಾತ್ಯ ಯಂತ್ರಕ್ಕೂ, ಒಣಮೆಣಸಿನಕಾಯಿ, ಕೊಬ್ಬರಿ, ನೆನೆಸಿದ ಉದ್ದು ಅರೆಯಬೇಕಾದ ಯಂತ್ರಕ್ಕೂ ಇರುವ ವ್ಯತ್ಯಾಸ ಇವುಗಳ ಜಾರಿನಲ್ಲಿ ಕಾಣುತ್ತದೆ: ಗಾಜಿನ ಬದಲು ಸ್ಟೀಲು, ತಳಕ್ಕೆ ಅಂಟಿದಂತಿರುವ ಅಗಲ ಬ್ಲೇಡು, ಗಿಡ್ಡ ಅಗಲ ಪಾತ್ರೆ.

ಅದಕ್ಕೆ ಮುಂಚೆ ಈ ಕೆಲಸಗಳಿಗೆ ನಮ್ಮಲ್ಲಿ ಬೇರೆ ಬೇರೆ ಸಾಧನಗಳಿದ್ದವು, ಬೇರೆ ಬೇರೆ ಕ್ರಿಯಾಪದಗಳೂ ಇದ್ದವು. ಒರಳಿನಲ್ಲಿ ರುಬ್ಬುಗುಂಡು ಹಿಡಿದು ರುಬ್ಬುವುದು, ಅರೆಯುವ ಕಲ್ಲಿನಲ್ಲಿ ಮಸಾಲೆ ಅರೆಯುವುದು, ಒನಕೆಯಿಂದ ಕುಟ್ಟುವುದು, ಬೀಸುಕಲ್ಲಿನಲ್ಲಿ ಬೀಸುವುದು, ಕಡಗೋಲಿನಿಂದ ಮಜ್ಜಿಗೆ ಕಡೆಯುವುದು. ದಕ್ಷಿಣ ಕನ್ನಡದಲ್ಲಿ ಒರಳನ್ನೇ ಕಡೆಯುವ ಕಲ್ಲು ಎನ್ನುತ್ತಾರೆ, ತುಳುವಿನಲ್ಲಿ ಕಡೆಪಿ ಕಲ್ಲ್. ಕಲ್ಲು ಪದಾರ್ಥವನ್ನು ಒತ್ತಿ ಜಜ್ಜುತ್ತದೆ. ಮಿಕ್ಸಿಯ ಬ್ಲೇಡು ಬಡಿದು ಕತ್ತರಿಸುತ್ತದೆ. ಮುಂದೆ ಹೇಳುವ ಎಲ್ಲ ಗುಣದೋಷಗಳೂ ಈ ಒಂದು ವ್ಯತ್ಯಾಸದಿಂದ ಬರುತ್ತವೆ.

ಅರೆಯುವುದು: ಇಲ್ಲಿ ಮಿಕ್ಸಿಗೆ ಪೂರ್ತಿ ಅಂಕ

ಚಟ್ನಿ ಮತ್ತು ಹುಳಿ, ಕೂಟು, ಗಸಿಯ ಮಸಾಲೆ ಅರೆಯಲು 750 ವಾಟ್ ಮಿಕ್ಸಿಗಿಂತ ಒಳ್ಳೆಯ ಸಾಧನ ಸಣ್ಣ ಮನೆಗೆ ಇಲ್ಲ. ಆದರೂ ‘ಎಷ್ಟು ತಿರುಗಿಸಿದರೂ ನುಣ್ಣಗಾಗುತ್ತಿಲ್ಲ’ ಎಂಬ ದೂರು ಹೊಸ ಯಂತ್ರದ ಬಗ್ಗೆಯೂ ಬರುತ್ತದೆ. ಬಹುಪಾಲು ಅದು ನೀರು ಹಾಕುವ ಕ್ರಮದ ತಪ್ಪು. ಮೊದಲೇ ನೀರು ತುಂಬಿದರೆ ಕಾಯಿಚೂರು ತೇಲಿ ಸುತ್ತುತ್ತದೆ, ಬ್ಲೇಡಿಗೆ ಸಿಗುವುದಿಲ್ಲ. ನೀರು ತೀರಾ ಕಡಿಮೆಯಾದರೆ ಬ್ಲೇಡಿನ ಸುತ್ತ ಗಾಳಿಯ ಗುಳ್ಳೆ ಕಟ್ಟಿ, ಮೇಲಿನದು ಅಲುಗದೆ ಕೂರುತ್ತದೆ. ಮೋಟರಿನ ಸದ್ದು ಇದ್ದಕ್ಕಿದ್ದಂತೆ ಹಗುರವಾಗಿ ಕೀರಲಾದರೆ ಅದೇ ಗುರುತು. ಒಂದು ಲೋಟ ಕಾಯಿತುರಿ, ಎರಡು ದೊಡ್ಡ ಚಮಚ ಹುರಿಗಡಲೆ, ಎರಡು ಹಸಿಮೆಣಸಿನಕಾಯಿ, ಚೂರು ಹುಣಸೆ, ಉಪ್ಪು ಹಾಕಿ ನೀರಿಲ್ಲದೆ ನಾಲ್ಕೈದು ಸಲ ತಟ್ಟಿ ತಟ್ಟಿ ತಿರುಗಿಸಿ. ಆಮೇಲೆ ಮೂರು ನಾಲ್ಕು ಚಮಚ ನೀರು ಹಾಕಿ ಎರಡನೆಯ ವೇಗದಲ್ಲಿ ಅರ್ಧ ನಿಮಿಷ. ಅಂಚು ಕೆರೆದು ಒಳಕ್ಕೆ ತಳ್ಳಿ, ಉಳಿದ ನೀರು ಹಾಕಿ ಮತ್ತೆ ಅರ್ಧ ನಿಮಿಷ. ಚಟ್ನಿ ಜಾರಿನ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಬ್ಲೇಡು ಮುಚ್ಚುವುದಕ್ಕಿಂತ ಕಡಿಮೆಯೂ ಬೇಡ. ಇಬ್ಬರ ಮನೆಗೆ ಒಂದೂವರೆ ಲೀಟರಿನ ಜಾರಿನಲ್ಲಿ ಚಟ್ನಿ ಮಾಡಲು ಹೋದರೆ ಯಾವ ಕಂಪನಿಯದ್ದಾದರೂ ಸೋಲುತ್ತದೆ.

ಫ್ರಿಜ್ಜಿನಿಂದ ತೆಗೆದ ತುರಿಯನ್ನು ಹಾಗೇ ಅರೆದರೆ ಕಾಯಿಯ ಜಿಡ್ಡು ಹರಳುಗಟ್ಟಿ ಮುಚ್ಚಳಕ್ಕೆ ಬಿಳಿ ಬಿಳಿ ಅಂಟುತ್ತದೆ, ಚಟ್ನಿ ತರಿತರಿಯಾಗಿ ಬಾಯಿಗೆ ಮೇಣದಂತಾಗುತ್ತದೆ. ಕಾಯಿಗೆ ಉಗುರುಬೆಚ್ಚಗಿನ ನೀರು ಬೇಕು. ಇಡ್ಲಿ ಹಿಟ್ಟಿಗೆ ಇದಕ್ಕೆ ತದ್ವಿರುದ್ಧ, ಅದನ್ನು ಮುಂದೆ ನೋಡೋಣ.

ಕರಾವಳಿಯ ಗಸಿಗೆ ಬೇಕಾದ ಬೆಣ್ಣೆಯಂಥ ಮಸಾಲೆ ಮಿಕ್ಸಿಯಲ್ಲಿ ಬರುವುದಿಲ್ಲ ಎನ್ನುವವರಿದ್ದಾರೆ. ಬರುತ್ತದೆ, ಕ್ರಮ ಬದಲಿಸಬೇಕು ಅಷ್ಟೆ. ಕಲ್ಲಿನಲ್ಲಿ ಹುರಿದ ಕೊತ್ತಂಬರಿ, ಮೆಣಸು, ಕಾಯಿ ಎಲ್ಲ ಒಟ್ಟಿಗೆ ಹಾಕಿದರೂ ಒತ್ತಡಕ್ಕೆ ಎಲ್ಲವೂ ಸಮನಾಗಿ ಅರೆಯುತ್ತದೆ. ಮಿಕ್ಸಿಯಲ್ಲಿ ಮೆತ್ತನೆಯ ಕಾಯಿ ಮೊದಲು ನುಣ್ಣಗಾಗಿ, ಆ ಪೇಸ್ಟಿನ ಒಳಗೆ ಕೊತ್ತಂಬರಿ ಬೀಜದ ಸಿಪ್ಪೆ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಒಣಪದಾರ್ಥವನ್ನು ಒಣಗಿದ ಜಾರಿನಲ್ಲಿ ಮೊದಲು ಪುಡಿ ಮಾಡಿ, ಅದೇ ಜಾರಿಗೆ ಹುಣಸೆ, ಬೆಳ್ಳುಳ್ಳಿ, ಸ್ವಲ್ಪ ನೀರು, ಕೊನೆಗೆ ಕಾಯಿ. ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ಹದಿನೈದು ನಿಮಿಷ ನೆನೆಸಿ ಹಾಕಿದರೆ ಸಿಪ್ಪೆಯ ಚೂರು ಉಳಿಯುವುದಿಲ್ಲ, ಬಣ್ಣವೂ ಪೂರ್ತಿ ಬಿಡುತ್ತದೆ.

ಪುಡಿ: ಅಳತೆ ಮೀರದಿದ್ದರೆ ಚೆನ್ನ

ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗೆ ಒಂದು ಲೀಟರಿನ ಜಾರು. ಅದರ ಬ್ಲೇಡು ಚಟ್ನಿ ಜಾರಿನದ್ದಕ್ಕಿಂತ ಉದ್ದ, ತುದಿ ಮೇಲೆ ಕೆಳಗೆ ಬಾಗಿರುತ್ತದೆ. ಹುರಿದದ್ದು ಪೂರ್ತಿ ಆರಬೇಕು. ಬಿಸಿ ಇದ್ದಾಗ ಹಾಕಿದರೆ ಹಬೆ ಮುಚ್ಚಳಕ್ಕೆ ಬಡಿದು ನೀರಾಗಿ ಇಳಿದು ಪುಡಿ ಗಂಟು ಕಟ್ಟುತ್ತದೆ. ಜಾರಿನ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಬ್ಯಾಡಗಿ ಹಗುರ, ಗಾಳಿಗೆ ಮೇಲೆದ್ದು ಗೋಡೆಗೆ ಅಂಟುತ್ತದೆ. ಅದನ್ನು ಮೊದಲು ಒಂದನ್ನೇ ತಟ್ಟಿ ಚೂರು ಮಾಡಿಕೊಂಡು ಕೊತ್ತಂಬರಿ, ಜೀರಿಗೆ, ಮೆಂತ್ಯ ಸೇರಿಸಿದರೆ ಭಾರದ ಬೀಜಗಳು ಅದನ್ನು ಕೆಳಗೆ ಎಳೆದುಕೊಳ್ಳುತ್ತವೆ. ಎಳ್ಳು, ಕಡಲೆಕಾಯಿ ಬೀಜ, ಕೊಬ್ಬರಿಯನ್ನು ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಅವಕ್ಕೆ ಇಂಚರ್ ಮಾತ್ರ.

ಈ ಇಂಚರ್ ಪದದ ಬಗ್ಗೆ ಒಂದು ಮಾತು. ಗುಂಡಿಯನ್ನು ಎಡಕ್ಕೆ ಹಿಡಿದಷ್ಟು ಹೊತ್ತು ಮಾತ್ರ ತಿರುಗಿ, ಬಿಟ್ಟರೆ ನಿಲ್ಲುವ ಸ್ಥಾನಕ್ಕೆ ಹಲವು ಭಾರತೀಯ ಕಂಪನಿಗಳ ಕೈಪಿಡಿಯಲ್ಲಿ ಈ ಹೆಸರಿದೆ. ಮೋಟರನ್ನು ಚೂರು ಚೂರೇ ಚಲಿಸುವುದಕ್ಕೆ ಕಾರ್ಖಾನೆಗಳಲ್ಲಿ ಇಂಚಿಂಗ್ ಎನ್ನುತ್ತಾರೆ, ಪದ ಅಲ್ಲಿನದು. ವಿದೇಶಿ ಯಂತ್ರಗಳಲ್ಲಿ ಇದೇ ಪಲ್ಸ್. ಕುಟ್ಟುವುದು, ಜಜ್ಜುವುದು ಎಂಬ ಹಳೆಯ ಎರಡು ಕ್ರಿಯಾಪದಗಳ ಜಾಗವನ್ನು ಈ ಯಂತ್ರದಲ್ಲಿ ತುಂಬುವುದು ಇದೊಂದೇ. ಶುಂಠಿ, ಬೆಳ್ಳುಳ್ಳಿ, ವಡೆಗೆ ತರಿಯಾಗಿ ಬೇಕಾದ ಕಡಲೆಬೇಳೆ, ಕೋಸಂಬರಿಗೆ ಕ್ಯಾರೆಟ್ ಎಲ್ಲಕ್ಕೂ ಇದನ್ನೇ ಬಳಸಿ. ಬ್ಲೇಡಿನ ಅಂಚನ್ನು ಚೂಪಾಗಿಡದೆ ದಪ್ಪವಾಗಿ ಬಿಟ್ಟು, ಕತ್ತರಿಸುವ ಬದಲು ಬಡಿಯುವಂತೆ ಮಾಡಿದ ಜಾರನ್ನು ಬಾಷ್ ತನ್ನ 1000 ವಾಟಿನ ಟ್ರೂಮಿಕ್ಸ್ ಮಾದರಿಗಳಲ್ಲಿ ಕೊಡುತ್ತದೆ. ತರಿತರಿ ಚಟ್ನಿಪುಡಿ, ಶೇಂಗಾ ಹಿಂಡಿ ಇಷ್ಟಪಡುವ ಉತ್ತರ ಕರ್ನಾಟಕದ ಮನೆಗೆ ಆ ಯೋಚನೆ ಸರಿಯಾಗಿದೆ.

ಅರಿಶಿನ ಕೊಂಬು, ಒಣಶುಂಠಿಯನ್ನು ಇಡಿಯಾಗಿ ಹಾಕಲೇಬಾರದು. ಕುಟ್ಟಿ ಕಡಲೆಗಾತ್ರ ಮಾಡಿ ಹಾಕಿ. ಬೀಸುವುದು ಎಂಬ ಕೆಲಸಕ್ಕಂತೂ ಮಿಕ್ಸಿ ಆಗುವುದಿಲ್ಲ. ರಾಗಿ, ಗೋಧಿಯನ್ನು ಒಂದು ಲೋಟ ಪುಡಿ ಮಾಡಬಹುದು, ಮುದ್ದೆಗೆ ಬೇಕಾದ ನಯ ಬಾರದು. ಅದು ಗಿರಣಿಯ ಕೆಲಸ. ಒಂದು ಕಿಲೋ ಮೀರಿದ ಸಾರಿನ ಪುಡಿಗೂ ಅದೇ ದಾರಿ.

ರುಬ್ಬುವುದು: ಇಲ್ಲಿ ಎಡವುತ್ತದೆ, ಏಕೆ?

ಮಿಕ್ಸಿಯ ಮೋಟರು ಭಾರವಿಲ್ಲದಾಗ ನಿಮಿಷಕ್ಕೆ 18,000ದಿಂದ 20,000 ಸುತ್ತು ಹೊಡೆಯುತ್ತದೆ, ಎಂದರೆ ಸೆಕೆಂಡಿಗೆ ಮುನ್ನೂರು. ಗ್ರೈಂಡರಿನ ಪಾತ್ರೆ ಸುತ್ತುವುದು ನಿಮಿಷಕ್ಕೆ ನೂರರ ಲೆಕ್ಕದಲ್ಲಿ. ವೇಗ ಹೆಚ್ಚಿದಷ್ಟೂ ಬಿಸಿ. ಲೆಕ್ಕ ಹಾಕಿ ನೋಡಬಹುದು. ಪೂರ್ಣ ಭಾರದಲ್ಲಿ 750 ವಾಟಿನ ಮೋಟರು ಮೂರು ನಿಮಿಷಕ್ಕೆ 135 ಕಿಲೋಜೌಲ್ ಎಳೆಯುತ್ತದೆ. ಅದರಲ್ಲಿ ಅರ್ಧ ಹಿಟ್ಟಿಗೆ ಇಳಿದರೂ ಒಂದು ಕಿಲೋ ಹಿಟ್ಟು 15ರಿಂದ 20 ಡಿಗ್ರಿ ಬಿಸಿಯಾಗುತ್ತದೆ. ಹುದುಗು ಬರಿಸುವ ಸೂಕ್ಷ್ಮಜೀವಿಗಳಲ್ಲಿ ಮುಖ್ಯವಾದ ಲ್ಯುಕೊನೊಸ್ಟಾಕ್ 30 ಡಿಗ್ರಿ ಆಸುಪಾಸಿನಲ್ಲಿ ಚುರುಕಾಗಿರುತ್ತದೆ, 40 ದಾಟಿದ ಹಿಟ್ಟು ಅದಕ್ಕೆ ಹಿತವಲ್ಲ. ಬೆಳಗ್ಗೆ ಹಿಟ್ಟು ಉಬ್ಬದೆ ಕೂತಿದ್ದರೆ ಉದ್ದಿನಬೇಳೆಯನ್ನು ಬೈಯುವ ಮೊದಲು ರಾತ್ರಿ ಹಿಟ್ಟಿಗೆ ಕೈ ಹಾಕಿದಾಗ ಬಿಸಿಯಿತ್ತೇ ಎಂದು ನೆನಪಿಸಿಕೊಳ್ಳಬೇಕು. ಇನ್ನೊಂದು ಕೊರತೆ ಗಾಳಿಯದ್ದು. ಕಲ್ಲು ಉದ್ದನ್ನು ಮಡಚಿ ಮಡಚಿ ಒತ್ತುವಾಗ ಗಾಳಿ ಸೇರಿಕೊಂಡು ಹಿಟ್ಟು ಹಲವು ಪಟ್ಟು ಹಿಗ್ಗುತ್ತದೆ. ಬ್ಲೇಡಿನಲ್ಲಿ ಅಷ್ಟು ಹಿಗ್ಗು ಸಿಗದು. ಅದಕ್ಕಾಗಿಯೇ ಗ್ರೈಂಡರಿನಲ್ಲಿ ಒಂದು ಲೋಟ ಉದ್ದಿಗೆ ನಾಲ್ಕು ಲೋಟ ಅಕ್ಕಿ ಹಿಡಿದರೆ ಮಿಕ್ಸಿಯಲ್ಲಿ ಮೂರೇ.

ಆದರೂ ಮಿಕ್ಸಿಯಲ್ಲೇ ಇಡ್ಲಿ ಆಗಬೇಕೆಂದರೆ ಅಕ್ಕಿಯನ್ನು ಯಂತ್ರದಿಂದ ಹೊರಗಿಡುವುದು ಜಾಣತನ. ಕರ್ನಾಟಕದ ಅಂಗಡಿಗಳಲ್ಲಿ ಇಡ್ಲಿರವೆ ಎಲ್ಲೆಡೆ ಸಿಗುತ್ತದೆ. ಒಂದು ಲೋಟ ಉದ್ದಿಗೆ ಎರಡು ಲೋಟ ಇಡ್ಲಿರವೆ. ಉದ್ದನ್ನು ನಾಲ್ಕು ಗಂಟೆ ನೆನೆಸಿ, ಕೊನೆಯ ಅರ್ಧ ಗಂಟೆ ನೆನೆದ ಪಾತ್ರೆಯನ್ನೇ ಫ್ರಿಜ್ಜಿನಲ್ಲಿಡಿ. ನೀರು ಬಸಿದು ಎರಡು ಪಾಲು ಮಾಡಿ, ಒಂದೊಂದಾಗಿ ರುಬ್ಬಿ. ಫ್ರಿಜ್ಜಿನ ತಣ್ಣೀರನ್ನು ಎರಡೆರಡು ಚಮಚದಂತೆ ಸೇರಿಸುತ್ತಾ ಒಟ್ಟು ಮುಕ್ಕಾಲರಿಂದ ಒಂದು ಲೋಟದೊಳಗೆ ಮುಗಿಸಿ. ಒಂದು ನಿಮಿಷ ತಿರುಗಿಸಿ, ಒಂದು ನಿಮಿಷ ಬಿಡಿ. ಹಿಟ್ಟಿನ ಒಂದು ಚಿಟಿಕೆಯನ್ನು ನೀರಿಗೆ ಹಾಕಿದಾಗ ತೇಲಿದರೆ ಸಾಕು, ಇನ್ನು ರುಬ್ಬಿದರೆ ಬಿಸಿಯಾಗುವುದಷ್ಟೇ ಲಾಭ. ರವೆಯನ್ನು ತೊಳೆದು ನೆನೆಸಿ, ಹಿಂಡಿ, ಕೈಯಲ್ಲಿ ಕಲಸಿ. ದೋಸೆಗೆ ಇಷ್ಟೆಲ್ಲ ಶ್ರಮ ಬೇಡ. ಗರಿಗರಿಯಾಗಲು ಹಿಟ್ಟು ಅಷ್ಟು ಹಿಗ್ಗಬೇಕಿಲ್ಲ, ಅಕ್ಕಿ ಸಣ್ಣ ತರಿ ಇದ್ದರೂ ನಡೆಯುತ್ತದೆ. ತಣ್ಣೀರೊಂದನ್ನು ಮರೆಯದಿದ್ದರೆ ಆಯಿತು.

ವಾರಕ್ಕೆ ಎರಡು ಸಲ ಇಡ್ಲಿ ಮಾಡುವ ನಾಲ್ಕೈದು ಜನರ ಮನೆಗೆ ನಮ್ಮ ಸಲಹೆ ನೇರ. ಮಿಕ್ಸಿಯನ್ನು 750ರಿಂದ 1000 ವಾಟಿಗೆ ಏರಿಸಲು ಖರ್ಚು ಮಾಡುವ ಹಣವನ್ನು ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರಿಗೆ ಹಾಕಿ. ಭೌಗೋಳಿಕ ಸೂಚ್ಯಂಕ ಪಡೆದಿರುವ ಕೊಯಮತ್ತೂರಿನ ಗ್ರೈಂಡರುಗಳು ಈ ಒಂದೇ ಕೆಲಸಕ್ಕಾಗಿ ಹುಟ್ಟಿದವು. ವಾಟು ಹೆಚ್ಚಿದರೆ ಬೇಗ ರುಬ್ಬುತ್ತದೆ, ಒತ್ತಿ ಅರೆಯುವ ಗುಣ ಬ್ಲೇಡಿಗೆ ಬರುವುದಿಲ್ಲ.

ಕಡೆಯುವುದು

ಇದನ್ನು ಚಿಕ್ಕದಾಗಿ ಮುಗಿಸಬಹುದು. ಕೆನೆ ಮೊಸರನ್ನು ದೊಡ್ಡ ಜಾರಿಗೆ ಅರ್ಧ ಹಾಕಿ, ಅಷ್ಟೇ ಐಸ್‌ನೀರು ಸೇರಿಸಿ, ಮೊದಲ ವೇಗದಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಬೆಣ್ಣೆ ಒಟ್ಟುಗೂಡುವುದು 12ರಿಂದ 15 ಡಿಗ್ರಿಯಲ್ಲಿ. ಬೇಸಿಗೆಯಲ್ಲಿ ಬಿಸಿಯಾದರೆ ಬೆಣ್ಣೆ ಮುದ್ದೆಯಾಗದೆ ಮಜ್ಜಿಗೆಯಲ್ಲೇ ಎಣ್ಣೆಯಾಗಿ ಹರಡುತ್ತದೆ. ಬೇಯಿಸಿದ ಟೊಮೆಟೊ, ಬಿಸಿ ಸೂಪನ್ನು ಇದೇ ಜಾರಿನಲ್ಲಿ ಮುಚ್ಚಿ ತಿರುಗಿಸಿದರೆ ಹಬೆಯ ಒತ್ತಡಕ್ಕೆ ಮುಚ್ಚಳ ಎಗರಿ ಮುಖ ಸುಡುತ್ತದೆ. ಆರಿಸಿಯೇ ಹಾಕಬೇಕು, ನಡುವಿನ ಪುಟ್ಟ ಮುಚ್ಚಳ ತೆರೆದಿಡಬೇಕು.

ಒಳಗಿನ ಮೋಟರು, ಹಾಳಾಗುವ ಭಾಗಗಳು

ಮಿಕ್ಸಿಯಲ್ಲಿರುವುದು ಎಸಿ, ಡಿಸಿ ಎರಡರಲ್ಲೂ ಓಡಬಲ್ಲ ಯೂನಿವರ್ಸಲ್ ಮೋಟರು. ಒಳಗೆ ತಿರುಗುವ ಸುರುಳಿಯ ಭಾಗವಾದ ಆರ್ಮೇಚರಿಗೆ ಎರಡು ಕಾರ್ಬನ್ ಬ್ರಷ್‌ಗಳು ಉಜ್ಜುತ್ತಾ ವಿದ್ಯುತ್ ಕೊಡುತ್ತವೆ, ಸದ್ದಿನ ಒಂದು ಪಾಲು ಅಲ್ಲಿಂದಲೇ. ಡಬ್ಬದ ಮೇಲಿನ 750 ಎನ್ನುವುದು ಮೋಟರು ಎಳೆದುಕೊಳ್ಳುವ ವಿದ್ಯುತ್ತು, ಬ್ಲೇಡಿಗೆ ತಲುಪುವ ಬಲವಲ್ಲ. ಆದ್ದರಿಂದ ಒಳ್ಳೆಯ 550 ವಾಟಿನದ್ದು ಕಳಪೆ 750ನ್ನು ಮೀರಿಸಬಹುದು. ಡಬ್ಬ ತೆಗೆಸಿ ಬರೀ ಮೋಟರಿನ ಭಾಗವನ್ನು ಎತ್ತಿ ನೋಡಿ. ಒಂದೇ ವಾಟಿನ ಎರಡರಲ್ಲಿ ತೀರಾ ಹಗುರ ಇರುವುದರ ಸುರುಳಿ ತಾಮ್ರದ ಬದಲು ಅಲ್ಯುಮಿನಿಯಮ್ ಇರಬಹುದು, ಡಬ್ಬದಲ್ಲಿ ತಾಮ್ರ ಎಂದು ಬರೆದಿದೆಯೇ ಕೇಳಿ. ಜೊತೆಗೆ ಐಎಸ್ 4250 ಗುರುತು ಇರಲಿ, ಮನೆಬಳಕೆಯ ಮಿಕ್ಸರುಗಳ ಭಾರತೀಯ ಮಾನಕ ಅದು. ಕೈಪಿಡಿಗಳಲ್ಲಿ 30 ನಿಮಿಷದ ರೇಟಿಂಗ್ ಎಂದಿರುತ್ತದೆ. ಅದನ್ನು ಅರ್ಧ ಗಂಟೆ ಒಂದೇ ಸಮ ಓಡಿಸಬಹುದು ಎಂದು ತಿಳಿಯುವವರಿದ್ದಾರೆ. ನಡುನಡುವೆ ಬಿಡುವು ಕೊಟ್ಟು ಎಂಬ ಷರತ್ತು ಅದರ ಪಕ್ಕದಲ್ಲೇ ಇರುತ್ತದೆ, ಓದಿಕೊಳ್ಳಿ. ಜ್ಯೂಸ್ ಅಂಗಡಿಗಳಲ್ಲಿ ಕಾಣುವ ಸುಜಾತಾ 900 ವಾಟಿನದ್ದು ಡಬಲ್ ಬಾಲ್ ಬೇರಿಂಗ್ ಇಟ್ಟುಕೊಂಡು 90 ನಿಮಿಷ ನಿರಂತರ ಓಡುತ್ತದೆ ಎಂದು ಹೇಳಿಕೊಳ್ಳುತ್ತದೆ. ಹಣ್ಣಿನ ರಸದ ವ್ಯಾಪಾರಕ್ಕೆ ಅದು ತಕ್ಕದ್ದು, ಮನೆಯ ಚಟ್ನಿಗೆ ಅಷ್ಟು ಬೇಕಿಲ್ಲ.

ಕರೆಂಟಿನ ಚಿಂತೆ ಬೇಡ. ದಿನಕ್ಕೆ ಹದಿನೈದು ನಿಮಿಷ ಓಡಿದರೂ ತಿಂಗಳಿಗೆ ಆರು ಯೂನಿಟ್ ಒಳಗೇ.

ಹಾಳಾಗುವುದರಲ್ಲಿ ಮೊದಲನೆಯದು ಕಪ್ಲರ್. ಮೋಟರಿನ ಮೇಲಿರುವ ಹಲ್ಲುಹಲ್ಲಿನ ಪ್ಲಾಸ್ಟಿಕ್ ಚಕ್ರ ಅದು. ಬ್ಲೇಡು ಸಿಕ್ಕಿಬಿದ್ದಾಗ ಮೋಟರು ಸುಡುವ ಬದಲು ಇದರ ಹಲ್ಲು ಸವೆಯುತ್ತದೆ, ಒಂದು ರೀತಿಯಲ್ಲಿ ಅದೇ ಇದರ ಕೆಲಸ. ಆದರೆ ಯಂತ್ರ ಪೂರ್ತಿ ನಿಲ್ಲುವ ಮೊದಲೇ ಜಾರು ಎತ್ತುವುದು, ಸರಿಯಾಗಿ ಕೂರದ ಜಾರಿನಲ್ಲೇ ಶುರು ಮಾಡುವುದು, ಇವೆರಡೇ ಅದನ್ನು ಬೇಗ ಮುಗಿಸುತ್ತವೆ. ಮೋಟರು ತಿರುಗಿ ಬ್ಲೇಡು ನಿಂತೇ ಇದ್ದು ಕಟಕಟ ಎಂದರೆ ಕಪ್ಲರ್ ಹೋಗಿದೆ. ಬೆಲೆ ಅಲ್ಪ, ಮನೆಯಲ್ಲೇ ಹಾಕಬಹುದು. ಪ್ಲಗ್ ತೆಗೆದು, ಯಂತ್ರ ಮಗುಚಿ, ತಳದಲ್ಲಿ ಕಾಣುವ ಶಾಫ್ಟಿನ ಗೀರಿಗೆ ಸ್ಕ್ರೂಡ್ರೈವರ್ ಇಟ್ಟು ಹಿಡಿದುಕೊಂಡು ಕಪ್ಲರನ್ನು ತಿರುಗಿಸಬೇಕು. ಎತ್ತ ಎನ್ನುವುದರಲ್ಲೇ ಹಲವರು ಸೋಲುತ್ತಾರೆ. ಓಡುವಾಗ ತಾನಾಗಿ ಬಿಗಿಯಾಗುವಂತೆ ತಿರುಪಿನ ಸುತ್ತುಗೀರು ಕೊರೆದಿರುತ್ತಾರೆ, ಆದ್ದರಿಂದ ಮೋಟರು ತಿರುಗುವ ದಿಕ್ಕಿಗೇ ತಿರುಗಿಸಿದರೆ ಬಿಚ್ಚುತ್ತದೆ. ಎದುರು ದಿಕ್ಕಿಗೆ ಬಲ ಹಾಕಿದಷ್ಟೂ ಇನ್ನಷ್ಟು ಬಿಗಿ. ಬಿಚ್ಚುವ ಮೊದಲು ಜಾರಿನ ಬ್ಲೇಡಿನ ಚೂಪು ಅಂಚು ಯಾವ ಕಡೆಗಿದೆ ನೋಡಿದರೆ ದಿಕ್ಕು ತಿಳಿಯುತ್ತದೆ.

ಮಧ್ಯದಲ್ಲಿ ಯಂತ್ರ ಸತ್ತಂತೆ ನಿಂತು ಬಿಸಿ ವಾಸನೆ ಬಂದರೆ, ಭಾರ ಹೆಚ್ಚಾದಾಗ ಕರೆಂಟು ಕಡಿಯುವ ಓವರ್‌ಲೋಡ್ ಸ್ವಿಚ್ ಬಿದ್ದಿದೆ. ತಳದಲ್ಲಿ ಕೆಂಪು ಗುಂಡಿ ಇರುತ್ತದೆ. ವೇಗದ ಗುಂಡಿಯನ್ನು ಸೊನ್ನೆಗೆ ತಂದು, ಜಾರಿನ ಭಾರ ಅರ್ಧಕ್ಕಿಳಿಸಿ, ಹತ್ತು ನಿಮಿಷ ಆರಲು ಬಿಟ್ಟು ಆ ಕೆಂಪು ಗುಂಡಿ ಒತ್ತಿ. ಪದೇ ಪದೇ ಬೀಳುತ್ತಿದ್ದರೆ ಯಂತ್ರದ ಕೆಳಗೆ ಏನಿದೆ ನೋಡಿ. ಸದ್ದು ತಗ್ಗಲೆಂದು ಮಡಚಿದ ಟವೆಲ್ ಹಾಸುವ ಅಭ್ಯಾಸ ಹಲವು ಮನೆಗಳಲ್ಲಿದೆ. ಮೋಟರನ್ನು ತಂಪಾಗಿಡುವ ಫ್ಯಾನಿನ ಗಾಳಿಕಿಂಡಿ ತಳದಲ್ಲೇ ಇರುವುದರಿಂದ ಟವೆಲ್ ಅದನ್ನು ಮುಚ್ಚಿ ಮೋಟರನ್ನು ಬೇಯಿಸುತ್ತದೆ. ಹಾಗೆಯೇ ಗಟ್ಟಿ ಹಿಟ್ಟನ್ನು ಮೊದಲ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ. ನಿಧಾನವಾದ ಮೋಟರಿನ ಫ್ಯಾನೂ ನಿಧಾನ, ಬಿಸಿ ಹೊರಗೆ ಹೋಗದು. ಹೊಸ ಮಿಕ್ಸಿಯಲ್ಲಿ ಮೊದಲ ಕೆಲವು ಸಲ ಬರುವ ವಾರ್ನಿಷ್ ವಾಸನೆ ಮಾತ್ರ ಸಹಜ.

ಗಾಳಿಕಿಂಡಿಯಿಂದ ನೀಲಿ ಕಿಡಿ ಜೋರಾಗಿ ಕಂಡು, ಓಡುತ್ತಾ ನಿಲ್ಲುತ್ತಾ ಇದ್ದರೆ ಕಾರ್ಬನ್ ಬ್ರಷ್ ಸವೆದಿದೆ. ಎರಡನ್ನೂ ಒಟ್ಟಿಗೆ ಬದಲಿಸಬೇಕು. ಅದನ್ನು ‘ಮೋಟರ್ ಹೋಗಿದೆ’ ಎಂದು ಹೇಳಿ ಆರ್ಮೇಚರ್ ದುಡ್ಡು ಕೇಳುವವರಿದ್ದಾರೆ, ಬಿಚ್ಚಿದ ಬ್ರಷ್ ತೋರಿಸಲು ಹೇಳಿ.

ಜಾರಿನ ಬಗ್ಗೆ ಹೆಚ್ಚು ಗಮನ ಬೇಕು, ಏಕೆಂದರೆ ಅದು ಆರೋಗ್ಯದ ವಿಷಯ. ಜಾರಿನ ತಳದಲ್ಲಿ ಬ್ಲೇಡಿನ ಶಾಫ್ಟು ಬುಷ್ ಎಂಬ ಲೋಹದ ಪುಟ್ಟ ಕೊಳವೆಯೊಳಗೆ ತಿರುಗುತ್ತದೆ, ಮೇಲೆ ಸೀಲ್ ಇರುತ್ತದೆ. ಬುಷ್ ಸವೆದರೆ ತಳದಿಂದ ಕಪ್ಪು ನೀರು ಇಳಿಯುತ್ತದೆ. ಬಿಳಿ ಚಟ್ನಿಯಲ್ಲಿ ಬೂದು ಗೆರೆ ಕಂಡರೆ ಅದೇ ಕಪ್ಪು ಒಳಗೂ ಬರುತ್ತಿದೆ. ಆ ಚಟ್ನಿ ಚೆಲ್ಲಿ, ಜಾರು ರಿಪೇರಿಯಾಗುವವರೆಗೆ ಬಳಸಬೇಡಿ. ಕೆಳಗಿನ ಕಪ್ಲರ್ ಹಿಡಿದು ಅಡ್ಡಕ್ಕೆ ಅಲುಗಿಸಿದಾಗ ಲೊಡಲೊಡ ಎಂದರೆ ಕಾಲ ಬಂದಿದೆ ಎಂದರ್ಥ. ರಾತ್ರಿಯಿಡೀ ಸಿಂಕಿನ ನೀರಿನಲ್ಲಿ ಮುಳುಗಿಸಿಟ್ಟ ಜಾರಿನಲ್ಲಿ ನೀರು ಕೆಳಗಿನಿಂದ ಬುಷ್‌ಗೆ ಹೊಕ್ಕು ಇದು ಬೇಗ ಆಗುತ್ತದೆ. ಬಳಸಿದ ಕೂಡಲೇ ಅರ್ಧ ನೀರು, ಒಂದು ಹನಿ ಸೋಪು ಹಾಕಿ ಹತ್ತು ಸೆಕೆಂಡ್ ತಿರುಗಿಸಿ, ತೊಳೆದು ಬೋರಲು ಹಾಕಿದರೆ ವರ್ಷಗಟ್ಟಲೆ ಬಾಳುತ್ತದೆ. ಅರಿಶಿನ ಹತ್ತಿ ಹಳದಿಯಾದ ಪ್ಲಾಸ್ಟಿಕ್ ಮುಚ್ಚಳವನ್ನು ಉಜ್ಜಬೇಡಿ, ಒಂದೆರಡು ದಿನ ಬಿಸಿಲಿಗಿಟ್ಟರೆ ಬಣ್ಣ ತಾನಾಗಿ ಹೋಗುತ್ತದೆ.

ಕಲ್ಲುಪ್ಪು ತಿರುಗಿಸಿದರೆ ಬ್ಲೇಡು ಚೂಪಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಉಪ್ಪು ಸ್ಟೀಲಿಗಿಂತ ಬಹಳ ಮೆತ್ತಗೆ, ಅದನ್ನು ಮಸೆಯಲಾರದು. ಬ್ಲೇಡಿಗೆ ಅಂಟಿದ ಜಿಡ್ಡು, ವಾಸನೆ ಕಿತ್ತು ಬರುತ್ತದೆ, ಆ ಮಟ್ಟಿಗೆ ಉಪಯೋಗ. ಮೊಂಡಾದ ಬ್ಲೇಡನ್ನು ಬದಲಿಸುವುದೇ ಸರಿ.

ಕೊಳ್ಳುವಾಗ

ಈ ದರ್ಜೆಯವು ಸುಮಾರು ಮೂರೂವರೆಯಿಂದ ಆರು ಸಾವಿರ ರೂಪಾಯಿಯ ನಡುವೆ ಸಿಗುತ್ತವೆ. ನಾಲ್ಕನೆಯ, ಐದನೆಯ ಜಾರಿಗೆ ಮರುಳಾಗಬೇಡಿ. ಹಿಟ್ಟು ನಾದುವ, ತರಕಾರಿ ಹೆಚ್ಚುವ ಜಾರು ಕೊಡುವ ಪ್ರೀತಿ ಜೋಡಿಯಾಕ್‌ನಂಥವು ಚಪಾತಿ ದಿನಾ ಮಾಡುವ ಮನೆಗೆ ಉಪಯುಕ್ತ, ಉಳಿದವರಿಗೆ ಕಪಾಟಿನ ಜಾಗ ದಂಡ. ಅದಕ್ಕಿಂತ ಮುಖ್ಯ ಪ್ರಶ್ನೆ: ಬಿಡಿ ಜಾರು, ಕಪ್ಲರ್, ಮುಚ್ಚಳದ ರಬ್ಬರು ನಿಮ್ಮ ಊರಿನಲ್ಲೇ ಸಿಗುತ್ತದೆಯೇ? ತಾಲ್ಲೂಕು ಕೇಂದ್ರದ ಪಾತ್ರೆ ಅಂಗಡಿಯಲ್ಲಿ ಯಾವ ಕಂಪನಿಯ ಬಿಡಿಭಾಗ ತೂಗುಹಾಕಿರುತ್ತದೋ ಅದನ್ನು ಕೊಂಡವರು ಪಶ್ಚಾತ್ತಾಪ ಪಡುವುದಿಲ್ಲ. ವಾರಂಟಿಯಲ್ಲಿ ಮೋಟರಿಗೆ ಐದು ವರ್ಷ ಎಂದು ದೊಡ್ಡದಾಗಿ ಬರೆದಿದ್ದರೂ ಇಡೀ ಯಂತ್ರಕ್ಕೆ ಎರಡೇ ಇರುವುದುಂಟು. ಜಾರು, ಕಪ್ಲರ್, ಬ್ರಷ್ ಅದರೊಳಗೆ ಬರುತ್ತವೆಯೇ ಎಂದು ಕಾರ್ಡಿನಲ್ಲಿ ನೋಡಿಯೇ ಬಿಲ್ ಮಾಡಿಸಿ. ಅಂಗಡಿಯಲ್ಲೇ ಚಟ್ನಿ ಜಾರಿಗೆ ಅರ್ಧ ನೀರು ಹಾಕಿ ಮೂರನೆಯ ವೇಗದಲ್ಲಿ ಓಡಿಸಿ. ಮುಚ್ಚಳದಿಂದ ಹನಿ ಸಿಡಿಯಬಾರದು, ಯಂತ್ರ ಮೇಜಿನ ಮೇಲೆ ಸರಿಯಬಾರದು.

ಅಮೆರಿಕ, ಕೆನಡಾಕ್ಕೆ ಹೊರಟವರಿಗೆ ಹೆಸರೇ ಮೊದಲ ತೊಡಕು. ಅಲ್ಲಿ ಮಿಕ್ಸರ್ ಎಂದರೆ ಕೇಕಿನ ಹಿಟ್ಟು ಕಲಸುವ, ಮೊಟ್ಟೆ ನೊರೆಯಾಗಿಸುವ ಯಂತ್ರ. ನಮ್ಮದಕ್ಕೆ ಹತ್ತಿರದ್ದು ಬ್ಲೆಂಡರ್, ಆದರೆ ಅದರ ಎತ್ತರದ ಜಾರು ದ್ರವಕ್ಕೆ ಹೇಳಿ ಮಾಡಿಸಿದ್ದು, ನಾಲ್ಕು ಚಮಚ ಚಟ್ನಿ ಅದರ ತಳದಲ್ಲಿ ಹರಡಿ ಕೂರುತ್ತದೆ. ಇಲ್ಲಿನ 230 ವೋಲ್ಟಿನ ಮಿಕ್ಸಿಯನ್ನು ಅಲ್ಲಿನ 120 ವೋಲ್ಟಿಗೆ ನೇರ ಹಾಕಿದರೆ ಸುಡುವುದಿಲ್ಲ, ಆದರೆ ಶಕ್ತಿಯಿಲ್ಲದೆ ನರಳುತ್ತದೆ. ಯೂನಿವರ್ಸಲ್ ಮೋಟರಾದ್ದರಿಂದ 50 ಮತ್ತು 60 ಹರ್ಟ್ಸ್ ವ್ಯತ್ಯಾಸ ತೊಂದರೆ ಕೊಡದು, ವೋಲ್ಟೇಜ್ ಒಂದೇ ಸಮಸ್ಯೆ. 750 ವಾಟಿನದ್ದಕ್ಕೆ ವೋಲ್ಟೇಜ್ ಏರಿಸುವ ಕನಿಷ್ಠ 1500 ವಾಟಿನ ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ತೂಕ ಮಿಕ್ಸಿಗಿಂತ ಹೆಚ್ಚಾಗಬಹುದು. ಪ್ರೀತಿ ಇಕೋ ಪ್ಲಸ್‌ನಂತೆ 110 ವೋಲ್ಟಿಗೇ ಮಾಡಿದ ಮಾದರಿ ಕೊಳ್ಳುವುದು ಸುಲಭದ ದಾರಿ. ಹೊರಡುವಾಗ ಅದರ ಜೊತೆ ಎರಡು ಕಪ್ಲರ್, ಒಂದು ಜೊತೆ ಕಾರ್ಬನ್ ಬ್ರಷ್, ಮೂರೂ ಮುಚ್ಚಳದ ರಬ್ಬರ್ ರಿಂಗ್ ಪೆಟ್ಟಿಗೆಗೆ ಹಾಕಿಕೊಳ್ಳಿ.